ಬಿಸಿಲಿಗೂ ಹಕ್ಕುದಾರರೆ?

ಸಿರಿಗೆರೆಯ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಬರವೇನಿದ್ದರೂ ನೀರಿಗೆ. ಆ ಬಿಸಿಲೇ ಕೊಳವೆಬಾವಿಯ ನೀರನ್ನು ಮೇಲೆತ್ತಬಲ್ಲದು. ನೆರೆಯ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರವೇ ತಲೆಯೆತ್ತಿದೆ. ಬಿಸಿಲು ಯಾರ ಸ್ವತ್ತೂ ಅಲ್ಲ; ಅದನ್ನು ಹಿಡಿಯುವ ಉಪಾಯಕ್ಕೆ ಮಾತ್ರ ಒಡೆಯರುಂಟು.

ಸೌರಫಲಕದ ಸಿಲಿಕಾನ್ ಬಿಲ್ಲೆಯ ಬೆನ್ನಿಗೆ ಅತಿ ತೆಳುವಾದ ಲೇಪವನ್ನು ಕೊಟ್ಟರೆ, ಬೆಳಕಿನಿಂದ ಹುಟ್ಟಿದ ವಿದ್ಯುತ್ಕಣಗಳು ಅಲ್ಲಿ ನಷ್ಟವಾಗುವುದು ತಗ್ಗುತ್ತದೆ. ಇಂಥ ಲೇಪದ ಪೇಟೆಂಟ್ ತನ್ನದೆಂದು ಕೊರಿಯದ ಹಾನ್ವಾ ಸಮೂಹದ ಕ್ಯೂ ಸೆಲ್ಸ್ ಸಂಸ್ಥೆಯು 2019ರಲ್ಲಿ ಜಿಂಕೋ, ಲೋಂಗಿ, ಆರ್‌ಇಸಿ ಎಂಬ ಮೂರು ಪ್ರತಿಸ್ಪರ್ಧಿ ಸಂಸ್ಥೆಗಳ ಮೇಲೆ ದಾವೆ ಹೂಡಿತು. 2020ರ ಜೂನ್ ತಿಂಗಳಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವಾಣಿಜ್ಯ ಆಯೋಗವು ಹಕ್ಕಿನ ಉಲ್ಲಂಘನೆಯಾಗಿಲ್ಲವೆಂದಿತು. ಅದೇ ತಿಂಗಳು ಜರ್ಮನಿಯ ಡುಸೆಲ್‌ಡಾರ್ಫ್ ನ್ಯಾಯಾಲಯವು ಆಗಿದೆಯೆಂದಿತು. ಸೂರ್ಯನೊಬ್ಬನೇ, ತೀರ್ಪು ಎರಡು! ಪೇಟೆಂಟ್ ಎಂಬುದು ಆಯಾ ದೇಶದ ಗಡಿಯೊಳಗಿನ ಹಕ್ಕಾದ್ದರಿಂದ ಇದರಲ್ಲಿ ಸೋಜಿಗವೇನೂ ಇಲ್ಲ.

ಶೋಧಕನ ಶ್ರಮಕ್ಕೆ ಫಲ ದೊರೆಯಲೇಬೇಕು. ನಮ್ಮ ದೇಶದಲ್ಲಿ ಅರ್ಜಿ ಸಲ್ಲಿಸಿದಂದಿನಿಂದ 20 ವರ್ಷಗಳು ಕಳೆದರೆ ಆ ಉಪಾಯ ಸರ್ವರ ಸ್ವತ್ತು. ಅಲ್ಲಿಯವರೆಗೆ ವಕೀಲರ ಶುಲ್ಕದ ಹೊರೆಯು ಫಲಕದ ಬೆಲೆಯ ಮೇಲೆ ಬೀಳದಿದ್ದರೆ, ಅದು ರೈತನ ಪುಣ್ಯ.