‘ಗಟ್ಟಿ ರಕ್ತ’ವೆಂಬ ಅರ್ಧ ಸತ್ಯ

ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಮಳೆ ಹಿಡಿದು ಗದ್ದೆಗಳಲ್ಲಿ ನೀರು ನಿಂತಿತೆಂದರೆ, ನಾಟಿಯ ಕೆಸರಿನಲ್ಲಿ ಬರಿಗಾಲಿನಿಂದ ದುಡಿಯುವವರಿಗೆ ಇಲಿಜ್ವರದ ಅಪಾಯವುಂಟು. ಲೆಪ್ಟೊಸ್ಪೈರ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯವು ಇಲಿ ಹೆಗ್ಗಣಗಳ ಮೂತ್ರದೊಡನೆ ನೀರಿಗಿಳಿದು, ಕಾಲಿನ ಗಾಯ ಬಿರುಕುಗಳ ಮೂಲಕ ಮನುಷ್ಯನ ದೇಹವನ್ನು ಹೊಗುತ್ತದೆ. ಒಂದೇ ಗದ್ದೆಯಲ್ಲಿ ದುಡಿದ ಇಬ್ಬರಲ್ಲಿ ಒಬ್ಬನಿಗೆ ನಾಲ್ಕು ದಿನದ ಜ್ವರ, ಮೈಕೈ ನೋವು. ಮತ್ತೊಬ್ಬನಿಗೆ ಕಾಮಾಲೆ, ಮೂತ್ರಪಿಂಡಗಳ ವೈಫಲ್ಯ, ಕೆಲವೊಮ್ಮೆ ಮರಣ. ಕಂಡವರು “ಅವನ ರಕ್ತ ಗಟ್ಟಿ” ಎಂದು ಮಾತು ಮುಗಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವೇ ಅಪಾಯಕರವಾದುದೆಂದು ನನ್ನ ಅಭಿಪ್ರಾಯ.

ನಾನು ಭೌತಶಾಸ್ತ್ರದ ಉಪಾಧ್ಯಾಯ. ಆದರೆ ಪ್ರಯೋಗದ ನ್ಯಾಯ ಎಲ್ಲ ವಿಜ್ಞಾನಗಳಿಗೂ ಒಂದೇ. ಲೋಲಕದ ಆವರ್ತಕಾಲವು ಉದ್ದವನ್ನು ಅವಲಂಬಿಸಿದೆಯೆ ಎಂದು ತಿಳಿಯಲು ಉದ್ದವೊಂದನ್ನೇ ಬದಲಿಸಿ ಉಳಿದುದನ್ನು ಹಾಗೆಯೇ ಇಡುತ್ತೇವೆ. ಆ ಇಬ್ಬರು ರೈತರಲ್ಲಿ ಎಷ್ಟು ಸಂಗತಿಗಳು ಬೇರೆ ಬೇರೆ! ವಯಸ್ಸು, ಊಟ, ಹಿಂದೆ ಬಂದ ಜ್ವರ, ಒಳಹೊಕ್ಕ ಕ್ರಿಮಿಗಳ ಸಂಖ್ಯೆ. ಇವುಗಳ ನಡುವೆ ಆನುವಂಶಿಕತೆಯ ಪಾಲನ್ನು ಬೇರ್ಪಡಿಸುವುದು ಹೇಗೆ? ಪ್ರಯೋಗಶಾಲೆಯ ಸುಂಡಿಲಿಯ ಬೆಲೆ ಇಲ್ಲಿಯೇ ಇದೆ. ಒಡಹುಟ್ಟಿದವುಗಳನ್ನೇ ಇಪ್ಪತ್ತು ತಲೆಮಾರುಗಳಿಗೂ ಹೆಚ್ಚು ಕಾಲ ಕೂಡಿಸಿ ಬೆಳೆಸಿದ ವಂಶದಲ್ಲಿ ಎಲ್ಲ ಇಲಿಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಎರಡು ವಂಶಗಳಿಗೆ ಒಂದೇ ಆಹಾರವನ್ನಿತ್ತು ಅಷ್ಟೇ ಕ್ರಿಮಿಗಳನ್ನು ಚುಚ್ಚಿದಾಗ ಒಂದು ಬದುಕಿ ಇನ್ನೊಂದು ಸತ್ತರೆ, ಕಾರಣವನ್ನು ಹುಟ್ಟಿನಲ್ಲಿಯೇ ಹುಡುಕಬೇಕು.

ಇಂಥ ಹುಡುಕಾಟದಲ್ಲಿ ಅತ್ಯಂತ ವಿಚಿತ್ರವಾದುದು ‘ಸಿ-3-ಎಚ್’ ವಂಶದ ‘ಹೆಜೆ’ ಶಾಖೆಯ ಕಥೆ. ಕೆಲವು ಬ್ಯಾಕ್ಟೀರಿಯಗಳ ಹೊರಕವಚದಲ್ಲಿ ಅಂತರ್ವಿಷವೆಂಬ ಪದಾರ್ಥವಿರುತ್ತದೆ. ಇತರ ಇಲಿಗಳನ್ನು ಕೊಲ್ಲುವಷ್ಟು ಅಂತರ್ವಿಷವನ್ನು ಕೊಟ್ಟರೂ ಈ ಇಲಿಗಳಿಗೆ ಏನೂ ಆಗದೆಂಬುದು 1960ರ ದಶಕದಲ್ಲಿ ತಿಳಿದುಬಂತು. ಗಟ್ಟಿ ರಕ್ತವೆಂದರೆ ಇದೇ ಅಲ್ಲವೆ? ಆದರೆ ಜೀವಂತ ಸಾಲ್ಮೊನೆಲ್ಲ ಬ್ಯಾಕ್ಟೀರಿಯವನ್ನು ಚುಚ್ಚಿದಾಗ, ಸೋದರ ಶಾಖೆಯ ಇಲಿಗಳು ತಡೆದುಕೊಂಡ ಸೋಂಕಿಗೆ ಇವು ಬಲಿಯಾದವು. ಈ ಒಗಟು ಬಿಡಿಸಿದುದು 1998ರಲ್ಲಿ, ಅಮೆರಿಕದ ಬ್ರೂಸ್ ಬಾಯ್ಟ್ಲರ್ ಮತ್ತು ಅವರ ಸಂಗಡಿಗರು. ಟಿ.ಎಲ್.ಆರ್.-4 ಎಂಬ ಪ್ರೊಟೀನಿನ 712ನೆಯ ಸ್ಥಾನದಲ್ಲಿ ಪ್ರೋಲೀನ್ ಇರಬೇಕಾದೆಡೆ ಹಿಸ್ಟಿಡೀನ್ ಇತ್ತು, ವ್ಯತ್ಯಾಸವೆಲ್ಲ ಅಷ್ಟೇ. ಅಂತರ್ವಿಷವನ್ನು ಗುರುತಿಸಿ ದೇಹವನ್ನು ಎಚ್ಚರಿಸುವ ಕಾವಲುಗಾರನೇ ಆ ಪ್ರೊಟೀನು. ಈ ಇಲಿಗಳಲ್ಲಿ ಕಾವಲುಗಾರ ಕಿವುಡ. ವಿಷ ಬಂದರೂ ಗಲಭೆಯಿಲ್ಲ, ಕಳ್ಳ ಬಂದರೂ ಕೂಗಿಲ್ಲ. ಬಲವೆಂದು ತೋರಿದ್ದು ನ್ಯೂನತೆಯಾಗಿತ್ತು. 2011ರಲ್ಲಿ ಬಾಯ್ಟ್ಲರ್ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು.

ಇಲಿಜ್ವರಕ್ಕೆ ಬರೋಣ. ಲೆಪ್ಟೊಸ್ಪೈರವನ್ನು ಮೂತ್ರಪಿಂಡದಲ್ಲಿ ಹೊತ್ತು ತಿರುಗುವ ಹೆಗ್ಗಣಕ್ಕೆ ಕಾಯಿಲೆಯಿಲ್ಲ. ಸಾಮಾನ್ಯ ಸುಂಡಿಲಿಯೂ ಅದನ್ನು ತಡೆಯುತ್ತದೆ. ‘ಹೆಜೆ’ಯ ಎಳೆಯ ಇಲಿಗಳು ಮಾತ್ರ ಸಾಯುತ್ತವೆ. ಸುಂಡಿಲಿಯನ್ನು ಉಳಿಸುವವರಲ್ಲಿ ಅದೇ ಕಾವಲುಗಾರನೂ ಒಬ್ಬನೆಂದಾಯಿತು. ಮನುಷ್ಯನಲ್ಲಿಯೂ ಟಿ.ಎಲ್.ಆರ್.-4 ಉಂಟು, ಆದರೆ ಅದು ಲೆಪ್ಟೊಸ್ಪೈರದ ಕವಚದ ಪದಾರ್ಥವನ್ನು ಗುರುತಿಸಲಾರದು! ಈ ಒಂದು ವಿಷಯದಲ್ಲಿ ಗಟ್ಟಿ ರಕ್ತದವನೂ ಮೆದು ರಕ್ತದವನೂ ಸಮಾನರು.

ಇಲಿಯ ಅಧ್ಯಯನ ವ್ಯರ್ಥವೆಂಬವರನ್ನು ನಾನು ಒಪ್ಪೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಸ್ಸನ್ನು ಹಿಡಿದುಕೊಟ್ಟುದೂ ಸುಂಡಿಲಿಯೇ. ಆದರೆ ಇಲಿಯಲ್ಲಿ ಕಂಡುದನ್ನು ನೆಪ ಮಾಡಿಕೊಂಡು ‘ನಮ್ಮ ವಂಶಕ್ಕೆ ಇದು ತಾಗದು’ ಎನ್ನುವುದನ್ನು ಅದಕ್ಕಿಂತ ಖಂಡಿತವಾಗಿ ವಿರೋಧಿಸುತ್ತೇನೆ. ಯಾರ ವಂಶವೂ ಇಪ್ಪತ್ತು ತಲೆಮಾರುಗಳ ಪ್ರಯೋಗಕ್ಕೆ ಒಳಗಾಗಿಲ್ಲ. ತಂದೆ ಬರಿಗಾಲಿನಲ್ಲಿ ಉತ್ತು ಎಂಬತ್ತು ವರ್ಷ ಬಾಳಿದರೆ ಅದು ಒಂದೇ ಒಂದು ಅಳತೆ. ಒಂದು ಅಳತೆಯಿಂದ ನಿಯಮ ಬರೆಯುವ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಔಷಧಗಳು ಬೇಗ ಆರಂಭಿಸಿದಷ್ಟೂ ಒಳ್ಳೆಯದು. ಜ್ವರ ಬಂದು ವೈದ್ಯರಲ್ಲಿಗೆ ಹೋದಾಗ, ಗದ್ದೆಯ ನೀರಿನಲ್ಲಿ ನಿಂತು ದುಡಿದ ಸಂಗತಿಯನ್ನು ಅವರು ಕೇಳುವ ಮೊದಲೇ ಹೇಳಬೇಕು. ಆರಂಭದಲ್ಲಿ ಈ ಜ್ವರ ಉಳಿದ ಜ್ವರಗಳಂತೆಯೇ ಕಾಣುತ್ತದೆ.