ಅದು ಶಿಥಿಲ ಕಟ್ಟಡವಲ್ಲ



ದಾಸರಹಳ್ಳಿಯ ನಮ್ಮ ಅಡ್ಡರಸ್ತೆ ಅಗಲ ಮಾಡುವ ಸುದ್ದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಒಡೆಯಲೆಂದು ಕೆಂಪು ಬಣ್ಣ ಬಳಿದ ಅಂಗಡಿಗಳ ಸಾಲಿನಲ್ಲಿರುವ ಫೋಟೋ ಸ್ಟುಡಿಯೋವನ್ನು ‘ಉಪಯೋಗಕ್ಕೆ ಬಾರದ ಶಿಥಿಲ ಕಟ್ಟಡ’ ಎಂದು ಬರೆದಿದ್ದೀರಿ. ಆ ಮಾತು ಎರಡು ದಿನದಿಂದ ನನ್ನನ್ನು ಚುಚ್ಚುತ್ತಿದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ 31 ವರ್ಷ ಲೇತ್ ಮುಂದೆ ನಿಂತವನು. ಎಂ.ಜಿ. ರಸ್ತೆಯ ಜಿ.ಕೆ. ವೇಲ್‌ಗೆ ಹೋಗಿ ಫೋಟೋ ತೆಗೆಸುವ ಶಕ್ತಿ ನಮ್ಮಂಥವರಿಗೆ ಎಲ್ಲಿತ್ತು? ಕೆಲಸಕ್ಕೆ ಸೇರಿದವರು ಗೇಟ್ ಪಾಸಿಗೆ, ಇಎಸ್‌ಐ ಕಾರ್ಡಿಗೆ ಈ ಸ್ಟುಡಿಯೋಗೇ ಬರುತ್ತಿದ್ದೆವು. ಮೊಳೆಗೆ ನೇತುಹಾಕಿದ ಕರಿ ಕೋಟು, ಕನ್ನಡಿಯ ಪಕ್ಕ ಬಾಚಣಿಗೆ, ಪೌಡರ್ ಡಬ್ಬಿ. ಗದಗದವನು, ಧರ್ಮಪುರಿಯವನು, ಗಯಾದವನು ಎಲ್ಲರೂ ಅದೇ ಕೋಟು ಹಾಕಿಕೊಂಡರು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು ಸಿಗುತ್ತಿದ್ದ ಕಾಲದಿಂದಲೂ ಸ್ಟುಡಿಯೋ ಯಜಮಾನರು ತೊಳೆದ ನೆಗೆಟಿವ್‌ಗಳನ್ನು ಬಟರ್ ಪೇಪರ್ ಕವರಿಗೆ ಹಾಕಿ, ನಂಬರ್ ಬರೆದು ಇಟ್ಟಿದ್ದಾರೆ. ಒಂದನ್ನೂ ಎಸೆದಿಲ್ಲ.

1994ರಲ್ಲಿ ನನ್ನ ತಾಯಿ ತೀರಿಕೊಂಡಾಗ ಗೋಡೆಗೆ ಹಾಕಲು ಅವಳದೊಂದು ಫೋಟೋ ಇರಲಿಲ್ಲ. ಇದ್ದದ್ದು ಇಎಸ್‌ಐ ಕಾರ್ಡಿಗೆಂದು ಮನೆಯವರೆಲ್ಲ ಕೂತು ತೆಗೆಸಿದ್ದು ಮಾತ್ರ, ಅದರಲ್ಲಿ ಅವಳ ಮುಖ ಹೆಸರುಕಾಳಿನಷ್ಟು. ಯಜಮಾನರು ರಿಜಿಸ್ಟರ್ ತಿರುವಿ ನೆಗೆಟಿವ್ ಹುಡುಕಿ ನನ್ನನ್ನು ಡಾರ್ಕ್‌ರೂಮಿನೊಳಗೆ ಕರೆದರು. ಕೆಂಪು ಬಲ್ಬು, ಹುಳಿಹುಳಿ ವಾಸನೆ. ಟ್ರೇಯ ಡೆವಲಪರ್ ದ್ರಾವಣದಲ್ಲಿ ಬಿಳಿ ಕಾಗದ ಅಲ್ಲಾಡಿಸುತ್ತಿದ್ದಂತೆ ಮೊದಲು ಅಮ್ಮನ ಕುಂಕುಮ ಮೂಡಿತು, ಆಮೇಲೆ ಕಣ್ಣು. ಇವತ್ತಿಗೂ ನಾವು ಕೈಮುಗಿಯುವುದು ಆ ಫೋಟೋಕ್ಕೆ. ಉಪಯೋಗಕ್ಕೆ ಬಾರದ ಕಟ್ಟಡ ಎಂದು ನೀವು ಬರೆದದ್ದು ಇದನ್ನು.

ರಸ್ತೆಗೆ ನಾವು ಅಡ್ಡ ಬಂದವರಲ್ಲ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುವಾಗ ವರ್ಷಗಟ್ಟಲೆ ದೂಳು ಕುಡಿದೆವು. 2021ರ ಡಿಸೆಂಬರ್‌ನಲ್ಲಿ ಕೇಬಲ್ ಕೆಟ್ಟಿದೆಯೆಂದು ಅದನ್ನೇ ಮುಚ್ಚಿದಾಗ ಲಾರಿಗಳೆಲ್ಲ ನಮ್ಮ ಬಾಗಿಲ ಮುಂದೆ ಹರಿದವು, ಅದನ್ನೂ ಸಹಿಸಿದೆವು. ಹಿಂದೆ ಅಗಲ ಮಾಡಿದ ಭಾಗದಲ್ಲಿ ಇವತ್ತು ಕಾರುಗಳು ಸಾಲಾಗಿ ನಿಂತಿವೆ, ಮಕ್ಕಳು ನಡುರಸ್ತೆಯಲ್ಲಿ ನಡೆದು ಶಾಲೆಗೆ ಹೋಗುತ್ತಾರೆ. ಅದನ್ನು ಕೇಳುವವರು ಯಾರು? ಜಾಗದ ಮಾಲೀಕರಿಗೆ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಪತ್ರ ಕೊಡುತ್ತಾರಂತೆ. ಬಾಡಿಗೆಗಿರುವ ಯಜಮಾನರಿಗೆ ಏನೂ ಇಲ್ಲ. ಸಾಮಾನು ತೆಗೆಯಲು ಕೊಟ್ಟಿದ್ದು ಒಂದು ವಾರ.

ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ಮಾಡಿ ಕೈಗಡಿಯಾರಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಹೆಮ್ಮೆಪಟ್ಟಿದ್ದೇನೆ. ನಮ್ಮ ಭಾಗದಲ್ಲಿ ತಯಾರಾದ ವಸ್ತುವಿಗೆ ಸಿಕ್ಕ ಮರ್ಯಾದೆ, ಇಲ್ಲಿ ದುಡಿದವರ ಮುಖಗಳಿಗೆ ಬೇಡವೇ? ಪೀಣ್ಯ ಕಟ್ಟಿದವರ ಮುಖಗಳೆಲ್ಲ ಆ ಬಟರ್ ಪೇಪರ್ ಕವರುಗಳಲ್ಲಿವೆ. ಎಷ್ಟೋ ಮಂದಿ ಊರಿಗೆ ಮರಳಿದ್ದಾರೆ, ಎಷ್ಟೋ ಮಂದಿ ಇಲ್ಲೇ ಮಣ್ಣಾಗಿದ್ದಾರೆ.

ನಿನ್ನೆ ಸಂಜೆ ಹೋಗಿ ನೋಡಿದೆ. ನೆಗೆಟಿವ್‌ಗಳನ್ನು ಗೋಣಿಚೀಲಕ್ಕೆ ತುಂಬಿ ಜಗಲಿಯ ಮೇಲಿಟ್ಟಿದ್ದಾರೆ. ರಾತ್ರಿ ಮಳೆ ಬಂತು. ಎರಡು ಚೀಲ ನೆನೆದು ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿದರೆ ಮುಖವೇ ಕಿತ್ತುಬರುತ್ತದೆ. ಸೋಮವಾರ ಜೆಸಿಬಿ ಬರುತ್ತದಂತೆ. ಯಾವುದಾದರೂ ಮ್ಯೂಸಿಯಂನವರು, ಗ್ರಂಥಾಲಯದವರು ಅಷ್ಟರೊಳಗೆ ಬಂದು ಚೀಲಗಳನ್ನು ಒಯ್ಯಲಿ. ನಮ್ಮ ಮನೆಯ ಅಟ್ಟದಲ್ಲಿ ಎಂಟು ಚೀಲಕ್ಕೆ ಜಾಗ ಮಾಡಿದ್ದೇನೆ. ಅಲ್ಲಿರುವುದು ನಲವತ್ತಕ್ಕೂ ಹೆಚ್ಚು.

— ನಿವೃತ್ತ ಕಾರ್ಮಿಕ, ದಾಸರಹಳ್ಳಿ, ಬೆಂಗಳೂರು