ಹಗ್ಗ ಮೊದಲು, ಆಳು ಆಮೇಲೆ

ಚಂದ್ರಾ ಲೇಔಟಿನಿಂದ ನಾಯಂಡಹಳ್ಳಿ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ವೃಷಭಾವತಿಯ ವಾಸನೆ ಹೊಸದೇನಲ್ಲ. ಥೇಟ್ ಕೊಳೆತ ಮೊಟ್ಟೆ. ಕರ್ಚೀಫು ಮೂಗಿಗೆ ಹಿಡಿಯುವಷ್ಟರಲ್ಲಿ ಬಸ್ಸು ದಾಟಿಬಿಡುತ್ತೆ. ಆದರೆ ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಮ್ಯಾನ್‌ಹೋಲಿನಲ್ಲೋ, ಫ್ಯಾಕ್ಟರಿಯ ತೊಟ್ಟಿಯಲ್ಲೋ ತುಂಬಿಕೊಂಡರೆ ಪ್ರಾಣವನ್ನೇ ತೆಗೆಯುತ್ತೆ.

2017ರ ಮಾರ್ಚಿನಲ್ಲಿ ಇದೇ ಬೆಂಗಳೂರಿನ ಸಿ.ವಿ. ರಾಮನ್ ನಗರದ ಬಳಿ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಮೀನು ಕಾರ್ಖಾನೆಯೊಂದರ ತ್ಯಾಜ್ಯದ ತೊಟ್ಟಿಯ ವಿಷಗಾಳಿಗೆ ಐವರು ಬಲಿಯಾದರು. ಎಲ್ಲರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಎರಡೂ ಕಡೆ ಒಂದೇ ಕತೆ. ಒಬ್ಬ ಒಳಗೆ ಬಿದ್ದ, ಎತ್ತಲು ಹೋದವರೂ ಬಿದ್ದರು.

ಯಾಕೆ ಹೀಗೆ? ಹೈಡ್ರೋಜನ್ ಸಲ್ಫೈಡ್ ಮೂಗಿಗೇ ಮೋಸ ಮಾಡುತ್ತೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು 100 ಪಾಲು ದಾಟಿತೆಂದರೆ ಮೂಗು ಮಂಕಾಗಿ ವಾಸನೆಯೇ ತಿಳಿಯದು. 'ವಾಸನೆ ಹೋಯ್ತು, ಇಳಿಯೋಣ' ಅನ್ನುವವನು ಸಾವಿನ ಬಾಯಿಗೆ ಇಳಿಯುತ್ತಾನೆ. 700 ದಾಟಿದರೆ ಕೆಲವೇ ಉಸಿರಿಗೆ ಆಳು ಕುಸಿಯುತ್ತಾನೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಏನೂ ಉಪಯೋಗವಿಲ್ಲ.

ಪ್ರಜ್ಞೆ ತಪ್ಪಿ ಬದುಕಿದವರದೂ ಸುಖವಿಲ್ಲ. ಕೆಲವರಿಗೆ ತಲೆನೋವು, ಮರೆವು, ಕೈಕಾಲು ಹಿಡಿತ ತಪ್ಪುವುದು ಬಹುಕಾಲ ಉಳಿಯುತ್ತೆ. 'ಗಾಳಿಗೆ ಕೂರಿಸಿದ್ವಿ, ಸರಿಹೋದ' ಅಂತ ಮನೆಗೆ ಕಳಿಸುವುದು ದ್ರೋಹ. ಅಂಥವರನ್ನು ಆಸ್ಪತ್ರೆಗೆ ಒಯ್ಯಬೇಕು, ಯಾವ ಗಾಳಿ ಕುಡಿದನೆಂದು ಚೀಟಿಯಲ್ಲಿ ಬರೆಸಬೇಕು.

ಅಪಾಯ ಸರ್ಕಾರಕ್ಕೆ ತಿಳಿಯದ್ದಲ್ಲ. ಒಳಗಿನ ಗಾಳಿ ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ, ಬೆಲ್ಟು, ಹಗ್ಗ ಕೊಟ್ಟು ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು ಎಂದು ಕಾರ್ಖಾನೆಗಳಿಗೆ 1948ರಲ್ಲೇ ಕಾನೂನು ಮಾಡಿದ್ದರು. ಒಳಚರಂಡಿಗೆ ರಕ್ಷಣೆಯಿಲ್ಲದೆ ಆಳು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಅಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ಕೊಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಣಕ್ಕೆ 30 ಲಕ್ಷ ಕೊಡುವ ಬದಲು ಬದುಕಿರುವಾಗಲೇ ಒಂದು ಹಗ್ಗ ಕೊಡಬಾರದೇ?

ಅಂಗಡಿಯವರೂ ಕೇಳಿ. ಮುಂದಿನ ಚರಂಡಿ ಕಟ್ಟಿಕೊಂಡರೆ ನೂರಿನ್ನೂರು ಕೊಟ್ಟು ಯಾರನ್ನೋ ಇಳಿಸಬೇಡಿ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಮಿಷನ್ ಬರಲಿ. ತಡವಾದರೆ ಆಗಲಿ. ಚರಂಡಿ ಎರಡು ದಿನ ನಾರಿದರೆ ಯಾರೂ ಸಾಯುವುದಿಲ್ಲ.